ಅಂಗಾಲಿನ ಕರಿಮಚ್ಚೆ ಮೈಯೊಳಗೆ ಹರಡಿದಾಗ: ಮುಂದುವರಿದ ಮೆಲನೋಮಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಪ್ಪನಿಗೆ ಮೆಲನೋಮಾ ಎಂದು ಗೊತ್ತಾಗಿ ಇದು ಐದನೆಯ ವರ್ಷ. ಶ್ವಾಸಕೋಶಕ್ಕೆ ಹರಡಿದೆ ಎಂದು ತಿಳಿದು ಮೂರು ವರ್ಷವಾಯಿತು. ರೋಣ ತಾಲ್ಲೂಕಿನ ನಮ್ಮ ಊರಿನವರು, ಬೀಗರು, ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಕುಳಿತವರು, ಯಾರಿಂದಲೋ ನನ್ನ ನಂಬರು ಪಡೆದು ಹಾವೇರಿಯಿಂದಲೂ ಶಿರಹಟ್ಟಿಯಿಂದಲೂ ಫೋನು ಮಾಡಿದವರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ನಾನು ವೈದ್ಯೆಯಲ್ಲ, ಧಾರವಾಡದಲ್ಲಿ ಶಾಲಾ ಶಿಕ್ಷಕಿ. ವೈದ್ಯರಿಂದ ಕೇಳಿ ತಿಳಿದದ್ದನ್ನು, ಓದಿ ಖಚಿತಪಡಿಸಿಕೊಂಡದ್ದನ್ನು, ಮನೆಯಲ್ಲಿ ಕಂಡದ್ದನ್ನು ಇಲ್ಲಿ ಬರೆದಿದ್ದೇನೆ. ಯಾವ ಔಷಧಿ, ಎಷ್ಟು, ಯಾವಾಗ ಎಂಬುದನ್ನು ನಿಮ್ಮ ರೋಗಿಯನ್ನು ಕಣ್ಣಾರೆ ನೋಡಿದ ವೈದ್ಯರೇ ಹೇಳಬೇಕು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಾವು ಪಟ್ಟ ಕಷ್ಟದಲ್ಲಿ ಅರ್ಧದಷ್ಟು, ಹೇಳಬೇಕಾದ್ದನ್ನು ಹೇಳಬೇಕಾದ ಹೊತ್ತಿಗೆ ಹೇಳದೆ ಹೋದದ್ದರಿಂದ ಬಂದದ್ದು. ಕೆಳಗಿನ ಉತ್ತರಗಳಲ್ಲಿ ಅದನ್ನೇ ಬೇರೆ ಬೇರೆ ಕಡೆ ಮತ್ತೆ ಮತ್ತೆ ಹೇಳಿದ್ದರೆ ಬೇಸರ ಮಾಡಿಕೊಳ್ಳಬೇಡಿ.

ಮೆಲನೋಮಾ ಎಂದರೇನು? ಅದು ಬಿಳಿಯರಿಗೆ ಬರುವ ಕಾಯಿಲೆಯಲ್ಲವೇ?

ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಇದು. ಬಿಳಿ ಚರ್ಮದವರಲ್ಲಿ ಹೆಚ್ಚು, ನಮ್ಮಲ್ಲಿ ಬಹಳ ಅಪರೂಪ ಎನ್ನುವುದು ನಿಜ. ಅವರಲ್ಲಿ ಬಿಸಿಲು ಮುಖ್ಯ ಕಾರಣ. ನಮ್ಮಂಥ ಕಪ್ಪು, ಕಂದು ಚರ್ಮದವರಲ್ಲಿ ಅದು ಬಿಸಿಲು ಕಾಣದ ಜಾಗಗಳನ್ನು ಹುಡುಕಿಕೊಳ್ಳುತ್ತದೆ: ಅಂಗಾಲು, ಹಿಮ್ಮಡಿ, ಅಂಗೈ, ಉಗುರಿನ ಕೆಳಗೆ, ಕೆಲವೊಮ್ಮೆ ಬಾಯಿ, ಮೂಗು, ಗುದದ್ವಾರದ ಒಳಪದರ. ಜಮೈಕಾದ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳ ಉಗುರಿನ ಕೆಳಗೆ ಕಂಡದ್ದು ಇದೇ. 1981ರಲ್ಲಿ ತೀರಿಕೊಂಡಾಗ ಅವರಿಗೆ 36 ವರ್ಷ. ಅಪರೂಪ ಎಂಬ ಕಾರಣಕ್ಕೇ ನಮ್ಮ ಕಡೆ ಯಾರಿಗೂ ತಟ್ಟನೆ ಅನುಮಾನ ಬರುವುದಿಲ್ಲ.

ಆಣಿಗೂ ಇದಕ್ಕೂ ವ್ಯತ್ಯಾಸ ಗೊತ್ತಾಗುವುದು ಹೇಗೆ?

ಅಪ್ಪನ ಹಿಮ್ಮಡಿಯಲ್ಲಿ ಮೊದಲು ಕಂಡದ್ದು ಹೆಸರುಕಾಳಿನಷ್ಟು ಕರಿ ಕಲೆ. ಜಾಲಿ ಮುಳ್ಳು ಮುರಿದು ಒಳಗೆ ಉಳಿದಿರಬೇಕು ಎಂದು ಅವ್ವ ಸೂಜಿಯಿಂದ ಕೆದಕಿದಳು. ಎರೆ ಹೊಲದಲ್ಲಿ ಬರಿಗಾಲಲ್ಲಿ ನಡೆಯುವವರಿಗೆ ಮುಳ್ಳು, ಆಣಿ, ಬಿರುಕು ಇಲ್ಲದ ವರ್ಷವಿಲ್ಲ. ಆರು ತಿಂಗಳಲ್ಲಿ ಅದು ಎಂಟಾಣೆಯಷ್ಟಾಯಿತು. ಒಂದು ಅಂಚು ಕಡುಕಪ್ಪು, ಇನ್ನೊಂದು ಅಂಚು ಚೆಲ್ಲಿದ ಶಾಯಿಯಂತೆ ಕಂದು. ನಡುವೆ ಒಂದು ಕಡೆ ಒಡೆದು ನೀರು ಒಸರುತ್ತಿತ್ತು. ಒಂದು ಚಿಕ್ಕ ಕ್ಲಿನಿಕ್ಕಿನಲ್ಲಿ ಆಣಿ ಎಂದು ಕೊರೆದು ತೆಗೆದರು, ತೆಗೆದ ತುಂಡನ್ನು ಎಸೆದರು. ಅದನ್ನು ಪರೀಕ್ಷೆಗೆ ಕಳಿಸಿದ್ದರೆ ಎಂಟು ತಿಂಗಳು ಉಳಿಯುತ್ತಿತ್ತು.

ಆಣಿ ಗಟ್ಟಿಯಾಗಿರುತ್ತದೆ, ಒತ್ತಿದರೆ ನೋಯುತ್ತದೆ, ಹಬ್ಬುವುದಿಲ್ಲ. ಮೆಲನೋಮಾ ಮೊದಮೊದಲು ನೋಯುವುದೇ ಇಲ್ಲ. ಕಲೆಯ ಎರಡು ಬದಿ ಒಂದೇ ರೀತಿ ಇಲ್ಲದಿದ್ದರೆ, ಅಂಚು ಹರಿದಂತಿದ್ದರೆ, ಬಣ್ಣ ಎರಡು ಮೂರು ಬಗೆಯಾಗಿದ್ದರೆ, ತಿಂಗಳಿಂದ ತಿಂಗಳಿಗೆ ದೊಡ್ಡದಾಗುತ್ತಿದ್ದರೆ, ವಾಸಿಯಾಗದ ಹುಣ್ಣಾಗಿದ್ದರೆ ಚರ್ಮರೋಗ ತಜ್ಞರಿಗೆ ತೋರಿಸಿ. ಉಗುರಿನಲ್ಲಿ ಕರಿ ಗೆರೆ ಮೂಡಿ ಅಗಲವಾಗುತ್ತಿದ್ದರೆ, ಆ ಕಪ್ಪು ಉಗುರು ದಾಟಿ ಬುಡದ ಚರ್ಮಕ್ಕೂ ಇಳಿದಿದ್ದರೆ ತಡಮಾಡಲೇಬೇಡಿ. ಬ್ಲೇಡಿನಿಂದ ಕೊರೆಯುವುದು, ಸುಡುವುದು, ಆಣಿ ಪಟ್ಟಿ ಹಚ್ಚುವುದು ಬೇಡ. ಮೈಯಿಂದ ತೆಗೆದ ಯಾವ ತುಂಡನ್ನೂ ಬಯಾಪ್ಸಿಗೆ, ಅಂದರೆ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಗೆ, ಕಳಿಸದೆ ಬಿಡಬೇಡಿ. ಇದನ್ನು ನೀವೇ ಬಾಯಿಬಿಟ್ಟು ಕೇಳಬೇಕು.

ನಾಲ್ಕನೆಯ ಹಂತ ಎಂದರೆ ಮುಗಿಯಿತು ಎಂದರ್ಥವೇ?

ಅಲ್ಲ. ತೊಡೆಸಂದಿಯ ಅಥವಾ ಕಂಕುಳಿನ ಗ್ರಂಥಿಗೆ ಹರಡಿದರೆ ಮೂರನೆಯ ಹಂತ. ಅಲ್ಲಿಂದಾಚೆ ಶ್ವಾಸಕೋಶ, ಯಕೃತ್ತು, ಮಿದುಳು, ಮೂಳೆ ಅಥವಾ ದೂರದ ಚರ್ಮಕ್ಕೆ ಹೋದರೆ ನಾಲ್ಕನೆಯದು. ಸುಮಾರು 2010ರವರೆಗೆ ನಾಲ್ಕನೆಯ ಹಂತದವರಲ್ಲಿ ಹೆಚ್ಚಿನವರು ಒಂದು ವರ್ಷ ಕಳೆಯುವುದೂ ಕಷ್ಟವಿತ್ತು. 2011ರಲ್ಲಿ ಇಪಿಲಿಮುಮ್ಯಾಬ್, 2014ರಲ್ಲಿ ಪೆಂಬ್ರೊಲಿಜುಮ್ಯಾಬ್ ಮತ್ತು ನಿವೊಲುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧಿಗಳು ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೇಲೆ ಲೆಕ್ಕ ಬದಲಾಯಿತು. ಎಲ್ಲರಿಗೂ ಬದಲಾಗಲಿಲ್ಲ ಎಂಬುದನ್ನೂ ಮುಂದೆ ಹೇಳುತ್ತೇನೆ.

ಕಾಲನ್ನೇ ತೆಗೆಸಿಬಿಟ್ಟರೆ ಗುಣವಾಗುವುದಿಲ್ಲವೇ?

ಊರಿನಲ್ಲಿ ಎಲ್ಲರೂ ಕೊಟ್ಟ ಸಲಹೆ ಇದೇ. ಗಡ್ಡೆ ಒಂದೇ ಕಡೆ ಇದ್ದಾಗ ಅದನ್ನೂ ಸುತ್ತಲಿನ ಒಂದೆರಡು ಸೆಂಟಿಮೀಟರ್ ಒಳ್ಳೆಯ ಚರ್ಮವನ್ನೂ ತೆಗೆಯುತ್ತಾರೆ. ಉಗುರಿನಲ್ಲಿದ್ದರೆ ಬೆರಳಿನ ತುದಿ ಹೋಗಬಹುದು. ಶ್ವಾಸಕೋಶಕ್ಕೆ ಹೋದ ಮೇಲೆ ಕಾಲು ಕತ್ತರಿಸಿದರೆ ಹೋಗುವುದು ಕಾಲು ಮಾತ್ರ.

ಚಿಕಿತ್ಸೆಗೆ ಮೊದಲು ಯಾವ ಪರೀಕ್ಷೆಗಳು ಬೇಕು?

ಬಯಾಪ್ಸಿಯಲ್ಲಿ ಗಡ್ಡೆ ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿದೆ ಎಂದು ಬರೆದಿರುತ್ತಾರೆ. ಅದು ಮುಖ್ಯ. ಎಲ್ಲೆಲ್ಲಿ ಹರಡಿದೆ ಎಂದು ನೋಡಲು ಪೆಟ್-ಸಿಟಿ ಸ್ಕ್ಯಾನ್, ತಲೆಗೆ ಎಂ.ಆರ್.ಐ., ರಕ್ತದಲ್ಲಿ ಎಲ್.ಡಿ.ಎಚ್. ಎಂಬ ಕಿಣ್ವದ ಪರೀಕ್ಷೆ ಇರುತ್ತವೆ. ಗಡ್ಡೆಯ ತುಂಡಿನಲ್ಲಿ ಬಿ-ರಾಫ್ ಮತ್ತು ಕಿಟ್ ಎಂಬ ವಂಶವಾಹಿಗಳಲ್ಲಿ ಬದಲಾವಣೆ ಇದೆಯೇ ಎಂದು ನೋಡುತ್ತಾರೆ. ಬಿಳಿಯರ ಚರ್ಮದ ಮೆಲನೋಮಾಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಬಿ-ರಾಫ್ ಬದಲಾವಣೆ ಸಿಗುತ್ತದೆ. ಅಂಗಾಲಿನ ಬಗೆಯಲ್ಲಿ ಅಷ್ಟು ಸಿಗುವುದಿಲ್ಲ. ಆದರೂ ಪರೀಕ್ಷೆ ಮಾಡಿಸಬೇಕು, ಏಕೆಂದರೆ ಸಿಕ್ಕಿದರೆ ಮಾತ್ರೆಯ ದಾರಿ ತೆರೆಯುತ್ತದೆ.

ಆಪರೇಷನ್ ಆದ ಆಸ್ಪತ್ರೆಯಲ್ಲಿ ನಿಮ್ಮ ಗಡ್ಡೆಯ ತುಂಡನ್ನು ಮೇಣದ ಅಚ್ಚಿನಲ್ಲಿ ಇಟ್ಟಿರುತ್ತಾರೆ. ಅದನ್ನು ಬ್ಲಾಕ್ ಎನ್ನುತ್ತಾರೆ. ಬೇರೆ ಊರಿಗೆ ಹೋಗುವ ಮೊದಲು ಬ್ಲಾಕ್ ಮತ್ತು ಸ್ಲೈಡುಗಳನ್ನು ಕೇಳಿ ಪಡೆದುಕೊಳ್ಳಿ. ನಾವು ಮರೆತು ಬೆಂಗಳೂರಿಗೆ ಹೋಗಿ, ಅದಕ್ಕಾಗಿಯೇ ಇನ್ನೊಂದು ರಾತ್ರಿ ರೈಲು ಹತ್ತಬೇಕಾಯಿತು.

ಇಮ್ಯುನೊಥೆರಪಿ ಎಂದರೆ ಕೀಮೋದ ಇನ್ನೊಂದು ಹೆಸರೇ?

ಎರಡೂ ಸಲೈನ್ ಬಾಟಲಿಯಲ್ಲೇ ಹೋಗುವುದರಿಂದ ಹಾಗೆ ಕಾಣುತ್ತದೆ. ಕೆಲಸ ಪೂರ್ತಿ ಬೇರೆ. ಕೀಮೋ ಔಷಧಿ ಬೆಳೆಯುವ ಕೋಶಗಳನ್ನು ತಾನೇ ಕೊಲ್ಲುತ್ತದೆ. ಇಮ್ಯುನೊಥೆರಪಿ ಗಡ್ಡೆಯನ್ನು ಮುಟ್ಟುವುದಿಲ್ಲ, ನಮ್ಮದೇ ಬಿಳಿ ರಕ್ತಕಣಗಳನ್ನು ಎಬ್ಬಿಸುತ್ತದೆ.

ಊರಿನಲ್ಲಿ ನಾನು ಹೀಗೆ ವಿವರಿಸುತ್ತೇನೆ. ಕಣದಲ್ಲಿ ರಾಶಿ ಕಾಯುವ ನಾಯಿ ಇದೆ. ಕಳ್ಳ ದಿನಾ ರೊಟ್ಟಿ ಎಸೆದು ಅದನ್ನು ಪಳಗಿಸಿದ್ದಾನೆ, ಅವನು ಬಂದರೆ ಅದು ಬೊಗಳುವುದಿಲ್ಲ. ಕ್ಯಾನ್ಸರ್ ನಮ್ಮ ರಕ್ಷಣಾ ಕಣಗಳಿಗೆ ಮಾಡುವುದು ಇದನ್ನೇ. ಈ ಔಷಧಿ ಕಳ್ಳನ ರೊಟ್ಟಿಯನ್ನು ತಪ್ಪಿಸುತ್ತದೆ, ನಾಯಿ ಮತ್ತೆ ಬೊಗಳಿ ಮೈಮೇಲೆ ಬೀಳುತ್ತದೆ. ತೊಂದರೆ ಏನೆಂದರೆ, ಕೆರಳಿದ ನಾಯಿ ಕೆಲವೊಮ್ಮೆ ಮನೆಯವರನ್ನೂ ಕಚ್ಚುತ್ತದೆ. ಅದೇ ಅಡ್ಡ ಪರಿಣಾಮ. ಆಗ ಹಾಕುವ ಸರಪಳಿಯೇ ಸ್ಟೀರಾಯ್ಡ್. ರಕ್ಷಣಾ ಕಣಗಳಿಗೆ ಹೀಗೆ ತಡೆ ಇದೆ, ಅದನ್ನು ತೆಗೆಯಬಹುದು ಎಂದು ತೋರಿಸಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ವೈದ್ಯಕೀಯ ನೊಬೆಲ್ ಬಂತು.

ಅಪ್ಪನಿಗೆ ಕೊಟ್ಟದ್ದು ಪೆಂಬ್ರೊಲಿಜುಮ್ಯಾಬ್, ಮೂರು ವಾರಕ್ಕೊಮ್ಮೆ. ಔಷಧಿ ಹೋಗಲು ಅರ್ಧ ಗಂಟೆ. ಕೂದಲು ಉದುರಲಿಲ್ಲ, ವಾಂತಿಯಾಗಲಿಲ್ಲ. ಮೊದಲ ದಿನ ಹೊರಗೆ ಬಂದು ಮಿರ್ಚಿ, ಚಹಾ ಕೇಳಿದ. ಹಾಗಾಗಿಯೇ ನಾವು ಮೈಮರೆತೆವು.

ಇದರಿಂದ ಎಷ್ಟು ಜನರಿಗೆ ಗುಣವಾಗುತ್ತದೆ?

ಸುಳ್ಳು ಭರವಸೆ ಕೊಡುವುದಿಲ್ಲ. ನಿವೊಲುಮ್ಯಾಬ್, ಇಪಿಲಿಮುಮ್ಯಾಬ್ ಎರಡನ್ನೂ ಸೇರಿಸಿ ಕೊಟ್ಟ ದೊಡ್ಡ ಅಧ್ಯಯನದ ಹತ್ತು ವರ್ಷಗಳ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. ಮುಂದುವರಿದ ಮೆಲನೋಮಾ ಇದ್ದವರಲ್ಲಿ ಶೇ 43ರಷ್ಟು ಮಂದಿ ಹತ್ತು ವರ್ಷಗಳ ನಂತರವೂ ಬದುಕಿದ್ದರು. ಆದರೆ ಅವರಲ್ಲಿ ಬಹುಪಾಲು ಬಿಳಿಯರು, ಬಿಸಿಲಿನಿಂದ ಬಂದ ಬಗೆಯವರು. ಅಂಗಾಲು, ಉಗುರು, ಒಳಪದರದ ಮೆಲನೋಮಾದಲ್ಲಿ ಈ ಔಷಧಿಗಳ ಫಲ ಅಷ್ಟು ಸಿಗುವುದಿಲ್ಲ. ಕೆಲವರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ಗಡ್ಡೆ ಕುಗ್ಗಿ ಹಾಗೆಯೇ ನಿಲ್ಲುತ್ತದೆ. ಅಪ್ಪನ ಶ್ವಾಸಕೋಶದಲ್ಲಿ ಏಳು ಗಂಟುಗಳಿದ್ದವು. ಈಗ ಎರಡು ಉಳಿದಿವೆ, ಬೆಳೆಯುತ್ತಿಲ್ಲ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ನಮಗೆ ಪರಿಚಯವಾಗಿದ್ದ ಹಾವೇರಿ ಕಡೆಯ ಒಬ್ಬ ತಾಯಿಗೆ ಅದೇ ಔಷಧಿ ಹಿಡಿಸಲಿಲ್ಲ. ಅವರು ಮಾಡಿದ ತಪ್ಪು ಏನೂ ಇರಲಿಲ್ಲ.

ಯಾವ ತೊಂದರೆ ಕಂಡರೆ ಹೆದರಬೇಕು?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯವಿದ್ದರೆ ಇದನ್ನು ಓದಿ.

ಆರನೆಯ ಸಲ ಔಷಧಿ ಪಡೆದು ಊರಿಗೆ ಮರಳಿದ ಹತ್ತು ದಿನಕ್ಕೆ ಅಪ್ಪನಿಗೆ ಭೇದಿ ಶುರುವಾಯಿತು. ದಿನಕ್ಕೆ ನಾಲ್ಕು, ಆಮೇಲೆ ಏಳು, ಆಮೇಲೆ ಲೆಕ್ಕವಿಲ್ಲ. ಪಕ್ಕದ ಊರಿನಿಂದ ತಂದ ಮಾತ್ರೆ ನುಂಗಿದ, ಭೇದಿ ಒಂದು ದಿನ ನಿಂತಂತೆ ಕಂಡಿತು. ನನಗೆ ಪರೀಕ್ಷೆಯ ಕೆಲಸವಿತ್ತು, ತೊಂದರೆ ಕೊಡುವುದು ಬೇಡ ಎಂದು ಹೇಳಲಿಲ್ಲ. ಅವ್ವನಿಗೂ ಹೇಳಬೇಡ ಎಂದಿದ್ದನಂತೆ. ಐದನೆಯ ದಿನ ರಕ್ತ ಬಿದ್ದಾಗ ಅವ್ವ ಫೋನು ಮಾಡಿದಳು. ಹುಬ್ಬಳ್ಳಿಗೆ ತರುವ ಹೊತ್ತಿಗೆ ಅಪ್ಪನ ತುಟಿ ಒಣಗಿ ಬಿರಿದಿತ್ತು, ಕೈ ಹಿಡಿದರೆ ಚರ್ಮ ಮಡಿಕೆಯಾಗಿ ಹಾಗೆಯೇ ನಿಲ್ಲುತ್ತಿತ್ತು. ಹನ್ನೊಂದು ದಿನ ಆಸ್ಪತ್ರೆ, ಎರಡು ತಿಂಗಳು ಸ್ಟೀರಾಯ್ಡ್. ಅವನದೇ ರಕ್ಷಣಾ ಕಣಗಳು ದೊಡ್ಡ ಕರುಳಿನ ಮೇಲೆ ಬಿದ್ದಿದ್ದವು. ಮೊದಲ ದಿನವೇ ಬಂದಿದ್ದರೆ ಬಹುಶಃ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂದು ವೈದ್ಯರು ಹೇಳಿದಾಗ ಅಪ್ಪ ಗೋಡೆಯ ಕಡೆ ಮುಖ ಮಾಡಿಕೊಂಡ.

ಆದ್ದರಿಂದ ಇವುಗಳಲ್ಲಿ ಯಾವುದು ಕಂಡರೂ ಆ ದಿನವೇ ಹೇಳಿ, ಮರುದಿನಕ್ಕೆ ಇಡಬೇಡಿ. ಎಂದಿಗಿಂತ ಹೆಚ್ಚು ಸಲ ಭೇದಿ, ಹೊಟ್ಟೆ ನುಲಿತ. ಒಣ ಕೆಮ್ಮು, ಏದುಸಿರು. ಕಣ್ಣು ಹಳದಿ, ಮೂತ್ರ ಚಹಾದ ಬಣ್ಣ. ಎದೆನೋವು, ಎದೆಬಡಿತದಲ್ಲಿ ಏರುಪೇರು, ರೆಪ್ಪೆ ಜೋತುಬೀಳುವುದು, ಕೈಕಾಲಿನ ಸೋಲು. ತಡೆಯಲಾಗದ ತಲೆನೋವು. ವಿಪರೀತ ಬಾಯಾರಿಕೆ ಮತ್ತು ಮೂತ್ರ. ಎದ್ದು ಕೂರಲಾಗದಷ್ಟು ಆಯಾಸ. ಮೈತುಂಬ ದದ್ದು, ಗುಳ್ಳೆ. ಔಷಧಿ ನಿಲ್ಲಿಸಿ ತಿಂಗಳುಗಳಾದ ಮೇಲೂ ಇವು ಬರಬಹುದು.

ರಾತ್ರಿ ಹೊತ್ತು ಹತ್ತಿರದ ಯಾವ ಆಸ್ಪತ್ರೆಗೆ ಹೋದರೂ ಮೊದಲ ವಾಕ್ಯ ಇದಾಗಿರಲಿ: "ಇವರಿಗೆ ಕ್ಯಾನ್ಸರ್‌ಗೆ ಇಮ್ಯುನೊಥೆರಪಿ ಆಗಿದೆ, ಕೀಮೋ ಅಲ್ಲ." ಔಷಧಿಯ ಹೆಸರು, ಕೊನೆಯ ಸಲ ಕೊಟ್ಟ ದಿನಾಂಕ, ನಿಮ್ಮ ಕ್ಯಾನ್ಸರ್ ವೈದ್ಯರ ನಂಬರು ಬರೆದ ಚೀಟಿಯನ್ನು ಪ್ಲಾಸ್ಟಿಕ್ ಹಾಕಿಸಿ ರೋಗಿಯ ಕಿಸೆಯಲ್ಲಿ ಇಡಿ. ಅಪ್ಪನದು ಅಂಗಿಯ ಕಿಸೆಯಲ್ಲಿ ಎಲೆಅಡಿಕೆ ಚೀಲದ ಹಿಂದೆ ಇರುತ್ತದೆ. ಸ್ಟೀರಾಯ್ಡನ್ನು ಚೆನ್ನಾಗಿದ್ದೇನೆ ಎಂದು ತಟ್ಟನೆ ನಿಲ್ಲಿಸಬಾರದು, ವಾರಗಟ್ಟಲೆ ಇಳಿಸುತ್ತಾ ಬರಬೇಕು. ಸಕ್ಕರೆ ಏರುತ್ತದೆ, ನೋಡಿಕೊಳ್ಳಬೇಕು.

ಎರಡು ಔಷಧಿ ಸೇರಿಸಿ ಕೊಟ್ಟಾಗ, ಮೇಲೆ ಹೇಳಿದ ಹತ್ತು ವರ್ಷಗಳ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ತೀವ್ರ ತೊಂದರೆಗಳಾದವು. ಒಂದೇ ಔಷಧಿಯಾದರೆ ಪ್ರಮಾಣ ಬಹಳ ಕಡಿಮೆ. ಥೈರಾಯ್ಡ್ ಗ್ರಂಥಿ ಕೆಡುವುದು ಸಾಮಾನ್ಯ. ಅಪ್ಪ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ ನುಂಗುತ್ತಾನೆ, ಅಷ್ಟೇ.

ತೊಂದರೆಯಾಗಿ ಔಷಧಿ ನಿಲ್ಲಿಸಿದರೆ ಕಾಯಿಲೆ ಮತ್ತೆ ಏರುವುದಿಲ್ಲವೇ?

ಏರಲೇಬೇಕೆಂದಿಲ್ಲ. ಒಮ್ಮೆ ಎಚ್ಚರವಾದ ಕಣಗಳು ಔಷಧಿ ನಿಂತ ಮೇಲೂ ಕೆಲಸ ಮಾಡುತ್ತಿರಬಹುದು. ಅಪ್ಪನಿಗೆ ಆರು ಸಲಕ್ಕೇ ನಿಲ್ಲಿಸಿದರು, ಎರಡೂವರೆ ವರ್ಷವಾಯಿತು. ತೊಂದರೆ ಹೇಳಿದರೆ ಔಷಧಿ ನಿಲ್ಲಿಸಿಬಿಡುತ್ತಾರೆ ಎಂಬ ಹೆದರಿಕೆಯಿಂದ ಮುಚ್ಚಿಡುವವರು ಬಹಳ ಇದ್ದಾರೆ. ಅವರಿಗಾಗಿಯೇ ಇದನ್ನು ಬರೆದೆ.

ಮೈಮೇಲೆ ಬಿಳಿ ಮಚ್ಚೆ ಬಂದಿದೆ. ಇದು ತೊನ್ನೇ?

ನೋಡಲು ತೊನ್ನೇ. ಕಾರಣ ಇಷ್ಟು: ಮೆಲನೋಮಾ ಹುಟ್ಟಿದ್ದು ಬಣ್ಣದ ಕೋಶಗಳಿಂದ. ಅದನ್ನು ಹುಡುಕಿ ಕೊಲ್ಲಲು ಹೊರಟ ರಕ್ಷಣಾ ಕಣಗಳು ಒಳ್ಳೆಯ ಬಣ್ಣದ ಕೋಶಗಳನ್ನೂ ಹೊಡೆಯುತ್ತವೆ. ಅಪ್ಪನ ಎಡ ಹುಬ್ಬು ಪೂರ್ತಿ ಬೆಳ್ಳಗಾಯಿತು. ಬೆರಳುಗಳ ಗಿಣ್ಣುಗಳ ಮೇಲೆ ಸುಣ್ಣ ಸಿಡಿದಂತೆ ಚುಕ್ಕೆ ಬಿದ್ದು ಒಂದಕ್ಕೊಂದು ಕೂಡಿಕೊಂಡವು. ಹೀಗೆ ಬಿಳುಪು ಬಂದ ಮೆಲನೋಮಾ ರೋಗಿಗಳಲ್ಲಿ ಚಿಕಿತ್ಸೆಯ ಫಲ ಚೆನ್ನಾಗಿರುವುದು ಹೆಚ್ಚು ಎಂದು ಅಧ್ಯಯನಗಳು ಕಂಡುಕೊಂಡಿವೆ. ವೈದ್ಯರು ಅದನ್ನು ನೋಡಿ ನಕ್ಕರು, ನಮಗೆ ಅರ್ಥವಾಗಲಿಲ್ಲ.

ಊರಿನಲ್ಲಿ ಮಾತ್ರ ಅದು ಬೇರೆಯೇ ಸಂಕಟ. ನನ್ನ ಚಿಕ್ಕಪ್ಪನ ಮಗಳಿಗೆ ಗಂಡು ನೋಡುತ್ತಿದ್ದ ಕಾಲ. ಮನೆತನದಲ್ಲಿ ತೊನ್ನಿದೆ ಎಂಬ ಮಾತು ಹಬ್ಬಿತು. ಅಪ್ಪ ಉದ್ದ ತೋಳಿನ ಅಂಗಿ ಹಾಕಿ, ಪಟಗ ಕೆಳಗೆ ಎಳೆದು ಸುತ್ತಲು ಶುರುಮಾಡಿದ. ಕೊನೆಗೆ ಚಿಕ್ಕಪ್ಪನೇ ಬೀಗರ ಮುಂದೆ ಕುಳಿತು, ಇದು ಔಷಧಿಯಿಂದ ಬಂದ ಬಣ್ಣ, ಹುಟ್ಟಿನಿಂದ ಬಂದದ್ದಲ್ಲ, ಅಣ್ಣ ಬದುಕಿರುವುದಕ್ಕೆ ಇದೇ ಗುರುತು ಎಂದು ಹೇಳಿದ. ಮದುವೆ ನಡೆಯಿತು. ಔಷಧಿಯಿಂದಲ್ಲದೆ ಬಂದ ತೊನ್ನು ಕೂಡ ಅಂಟುವುದಿಲ್ಲ, ನಾಚಿಕೆಪಡುವಂಥದ್ದಲ್ಲ ಎಂಬುದನ್ನೂ ಅಂದೇ ಹೇಳಬೇಕಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಮಾತ್ರೆಯ ಚಿಕಿತ್ಸೆ ಯಾರಿಗೆ?

ಬಿ-ರಾಫ್ ಬದಲಾವಣೆ ಇದ್ದವರಿಗೆ ಡಾಬ್ರಾಫೆನಿಬ್ ಮತ್ತು ಟ್ರಾಮೆಟಿನಿಬ್ ಜೋಡಿ. ಬೇಗ ಫಲ ಕೊಡುತ್ತದೆ, ಆದರೆ ಹಲವರಲ್ಲಿ ಕಾಲಕ್ರಮೇಣ ಗಡ್ಡೆ ಅದಕ್ಕೆ ಒಗ್ಗಿಕೊಳ್ಳುತ್ತದೆ. ಜ್ವರ ಬರುವುದು ಇದರ ಸಾಮಾನ್ಯ ಗುಣ. ಬಂದ ಕೂಡಲೇ ವೈದ್ಯರಿಗೆ ಫೋನು ಮಾಡಿ, ಮಾತ್ರೆ ತಡೆಹಿಡಿಯಬೇಕೇ ಎಂದು ಕೇಳಿ. ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ ನುಂಗಬೇಕು. ಟ್ರಾಮೆಟಿನಿಬ್ ಫ್ರಿಜ್‌ನಲ್ಲಿ ಇಡಬೇಕು. ಕಿಟ್ ಬದಲಾವಣೆ ಇದ್ದ ಕೆಲವರಿಗೆ ಇಮ್ಯಾಟಿನಿಬ್ ಕೊಡುತ್ತಾರೆ. ಇವು ಯಾವುವೂ ಆಗದಿದ್ದಾಗ, ಕೈಗೆಟುಕದಿದ್ದಾಗ ಹಳೆಯ ಕೀಮೋ ಔಷಧಿಗಳಿವೆ. ಫಲ ಕಡಿಮೆ. ಮಿದುಳು ಅಥವಾ ಮೂಳೆಗೆ ಹೋದಾಗ ವಿಕಿರಣ ಚಿಕಿತ್ಸೆ ಉಪಯೋಗಕ್ಕೆ ಬರುತ್ತದೆ.

ಮೊದಲ ಸ್ಕ್ಯಾನಿನಲ್ಲಿ ಗಡ್ಡೆ ದೊಡ್ಡದಾಗಿದೆ. ಔಷಧಿ ಸೋತಿತೇ?

ಕೆಲವೊಮ್ಮೆ ರಕ್ಷಣಾ ಕಣಗಳು ಗಡ್ಡೆಯೊಳಗೆ ನುಗ್ಗಿದ್ದರಿಂದ ಅದು ಊದಿಕೊಂಡು ಕಾಣುತ್ತದೆ. ಅಪರೂಪ, ಆದರೆ ಇದೆ. ಹೆಚ್ಚಿನವರಲ್ಲಿ ದೊಡ್ಡದಾಗಿದೆ ಎಂದರೆ ನಿಜವಾಗಿಯೂ ಬೆಳೆದಿದೆ ಎಂದೇ. ರೋಗಿ ಚೆನ್ನಾಗಿದ್ದರೆ ನಾಲ್ಕೆಂಟು ವಾರ ಬಿಟ್ಟು ಮತ್ತೆ ನೋಡೋಣ ಎಂದು ವೈದ್ಯರು ಹೇಳಬಹುದು.

ಖರ್ಚು ಎಷ್ಟು? ಎಲ್ಲಿಂದ ತರುವುದು?

ಇಮ್ಯುನೊಥೆರಪಿಗೆ ಲಕ್ಷಗಳ ಲೆಕ್ಕ. ಪೆಂಬ್ರೊಲಿಜುಮ್ಯಾಬ್ ಮೇಲಿನ ಮೂಲ ಆಮದು ಸುಂಕವನ್ನು ಕೇಂದ್ರ ಸರ್ಕಾರ 2023ರ ಏಪ್ರಿಲ್‌ನಿಂದ ತೆಗೆದುಹಾಕಿದ್ದರೂ ರೈತನ ಕೈಗೆ ಅದು ಇನ್ನೂ ಎಟುಕದ್ದೇ. ನಾವು ಎರಡು ಎಕರೆ ಮಾರಿದೆವು. ಮಾರುವ ಮೊದಲು ಇವಿಷ್ಟನ್ನು ಮಾಡಿ ಎಂದು ಯಾರೂ ನಮಗೆ ಹೇಳಲಿಲ್ಲ, ನಾನು ನಿಮಗೆ ಹೇಳುತ್ತಿದ್ದೇನೆ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಂತೆ ಒಂದೂವರೆ ಲಕ್ಷದವರೆಗೆ ನೆರವಿದೆ. ಆಪರೇಷನ್, ವಿಕಿರಣ, ಕೀಮೋಗೆ ಇದು ಆಸರೆ. ಹೊಸ ಔಷಧಿಗಳೆಲ್ಲ ಇದರಲ್ಲಿ ಸಿಗುತ್ತವೆ ಎಂದುಕೊಳ್ಳಬೇಡಿ, ಆಸ್ಪತ್ರೆಯ ಆರೋಗ್ಯಮಿತ್ರರ ಮೇಜಿನಲ್ಲಿ ಔಷಧಿಯ ಹೆಸರು ಹಿಡಿದೇ ಕೇಳಿ. ಖಾಸಗಿ ಆಸ್ಪತ್ರೆಯಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಮೊದಲು ಬೇಕಾಗುತ್ತದೆ. ಮುಖ್ಯಮಂತ್ರಿಗಳ ಪರಿಹಾರ ನಿಧಿ, ಪ್ರಧಾನಮಂತ್ರಿಗಳ ರಾಷ್ಟ್ರೀಯ ಪರಿಹಾರ ನಿಧಿಗೆ ಆಸ್ಪತ್ರೆಯ ಅಂದಾಜು ವೆಚ್ಚದ ಪತ್ರದೊಂದಿಗೆ ಅರ್ಜಿ ಹಾಕಬಹುದು. ಔಷಧಿ ಕಂಪನಿಗಳು ರೋಗಿಗಳ ನೆರವಿನ ಯೋಜನೆ ನಡೆಸುತ್ತವೆ, ಅದರ ಬಗ್ಗೆ ಮೊದಲ ಬಾಟಲಿ ಕೊಳ್ಳುವ ಮುನ್ನ ವೈದ್ಯರನ್ನೇ ಕೇಳಿ. ಕೇಳಲು ಸಂಕೋಚ ಬೇಡ.

ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರು ಹಂತದ ಎ.ಸಿ.ಯಲ್ಲಿ ಟಿಕೆಟ್ ಉಚಿತ, ಜೊತೆಗಿರುವ ಒಬ್ಬರಿಗೆ ಶೇ 75 ರಿಯಾಯಿತಿ. ಆಸ್ಪತ್ರೆ ಸಹಿ ಮಾಡಿದ ನಮೂನೆ ಬೇಕು.

ಬೆಂಗಳೂರು, ಮುಂಬೈಗೆ ಹೋಗಲೇಬೇಕೇ?

ಒಂದು ಸಲ ಹೋಗಿ ಅಭಿಪ್ರಾಯ ಪಡೆಯುವುದು ಒಳ್ಳೆಯದು. ಅಪರೂಪದ ಕಾಯಿಲೆಯನ್ನು ಹೆಚ್ಚು ನೋಡಿದ ಕಣ್ಣು ಬೇಕು. ಬೆಂಗಳೂರಿನ ಕಿದ್ವಾಯಿ, ಮುಂಬೈಯ ಟಾಟಾ ಆಸ್ಪತ್ರೆಗಳು ಅದಕ್ಕೆ ಇವೆ. ಆದರೆ ಮೂರು ವಾರಕ್ಕೊಮ್ಮೆ ಅಷ್ಟು ದೂರ ಓಡಾಡುವುದು ರೋಗಿಗೆ ಇನ್ನೊಂದು ಕಾಯಿಲೆ. ಯೋಜನೆ ಅಲ್ಲಿ ಬರೆಸಿಕೊಂಡು ಔಷಧಿಯನ್ನು ಹುಬ್ಬಳ್ಳಿ-ಧಾರವಾಡದಲ್ಲೇ ಪಡೆಯಬಹುದೇ ಎಂದು ಕೇಳಿ. ಹುಬ್ಬಳ್ಳಿಯ ನವನಗರದಲ್ಲಿ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ ಇದೆ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಹೋಗಬಹುದು. ಗದಗದಿಂದ ಹುಬ್ಬಳ್ಳಿ ಸುಮಾರು 60 ಕಿಲೋಮೀಟರ್, ತೊಂದರೆಯಾದ ರಾತ್ರಿ ಈ ಹತ್ತಿರವೇ ಜೀವ ಉಳಿಸುತ್ತದೆ.

ಊಟದಲ್ಲಿ ಪಥ್ಯ ಏನು? ಅಮೃತಬಳ್ಳಿ ಕಷಾಯ ಕುಡಿಯಬಹುದೇ?

ಊಟ ನಮ್ಮದೇ: ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪು, ಶೇಂಗಾ ಚಟ್ನಿ, ಮಜ್ಜಿಗೆ. ನಾರಿನಂಶ ಹೆಚ್ಚು ತಿನ್ನುತ್ತಿದ್ದ ಮೆಲನೋಮಾ ರೋಗಿಗಳಲ್ಲಿ ಇಮ್ಯುನೊಥೆರಪಿಯ ಫಲ ಹೆಚ್ಚು ಕಾಲ ನಿಂತಿತ್ತು ಎಂದು 2021ರ ಅಮೆರಿಕದ ಅಧ್ಯಯನವೊಂದು ಕಂಡಿತ್ತು. ಕಾಳುಪಲ್ಯ ತಿನ್ನಲು ಅಪ್ಪನಿಗೆ ಅಷ್ಟು ನೆಪ ಸಾಕಾಯಿತು. ಭೇದಿಯಾದಾಗ ಮಾತ್ರ ರೊಟ್ಟಿ, ಕಾಳು ಬಿಟ್ಟು ಮೆತ್ತಗಿನ ಅನ್ನ, ಗಂಜಿ.

ಕಷಾಯದ ವಿಷಯದಲ್ಲಿ ನಾನು ಕಟುವಾಗಿ ಹೇಳುತ್ತೇನೆ: ಬೇಡ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ರಕ್ಷಣಾ ಕಣಗಳೇ ಯಕೃತ್ತಿನ ಮೇಲೆ ಬಿದ್ದದ್ದನ್ನು ಮುಂಬೈಯ ತಜ್ಞರು 2021ರಲ್ಲಿ ವರದಿ ಮಾಡಿದ್ದಾರೆ. ಇಮ್ಯುನೊಥೆರಪಿಯೂ ಯಕೃತ್ತಿಗೆ ಅದನ್ನೇ ಮಾಡಬಲ್ಲದು. ಎರಡೂ ಕೂಡಿದರೆ ಕಚ್ಚಿದ್ದು ಯಾವುದು ಎಂದು ವೈದ್ಯರಿಗೂ ತಿಳಿಯುವುದಿಲ್ಲ. ಈಗಾಗಲೇ ಕುಡಿಯುತ್ತಿದ್ದರೆ ಬೈಗುಳಕ್ಕೆ ಹೆದರದೆ ವೈದ್ಯರಿಗೆ ಹೇಳಿ.

ಗ್ರಂಥಿ ತೆಗೆದ ಕಾಲು ಆನೆಕಾಲಿನಂತೆ ಊದಿದೆ. ಏನು ಮಾಡಬೇಕು?

ತೊಡೆಸಂದಿಯ ಗ್ರಂಥಿ ತೆಗೆದ ಮೇಲೆ ದುಗ್ಧರಸ ಹರಿಯುವ ದಾರಿ ಕಡಿಮೆಯಾಗುತ್ತದೆ, ಬಾವು ಬರುತ್ತದೆ. ಸೊಳ್ಳೆಯ ಆನೆಕಾಲು ರೋಗವಲ್ಲ. ಫಿಸಿಯೋಥೆರಪಿಯವರು ಅಳತೆ ನೋಡಿ ಬಿಗಿ ಕಾಲುಚೀಲ ಕೊಡಿಸುತ್ತಾರೆ, ಬೆಳಿಗ್ಗೆ ಏಳುವ ಮೊದಲೇ ಹಾಕಬೇಕು. ಮಲಗುವಾಗ ಕಾಲಡಿ ದಿಂಬು. ಮುಳ್ಳು, ಗೀರು, ಬೆರಳ ಸಂದಿಯ ಕೆಸರುಹುಣ್ಣು ಆಗದಂತೆ ನೋಡಿಕೊಳ್ಳಿ. ಕಾಲು ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ ಆ ದಿನವೇ ಆಸ್ಪತ್ರೆ.

ರೋಗಿಗೆ ಹೇಳಬೇಕೇ, ಬೇಡವೇ?

ನಮ್ಮ ದೊಡ್ಡಪ್ಪನ ಕಟ್ಟಪ್ಪಣೆ ಇತ್ತು: "ಅವನ ಮುಂದೆ ಆ ಹೆಸರು ಎತ್ತಬೇಡಿ, ಧೈರ್ಯ ಕುಂದುತ್ತದೆ." ಸ್ಕ್ಯಾನಿನ ಕಾಗದಗಳನ್ನು ಸೀರೆಗಳ ಕೆಳಗೆ ಇಟ್ಟೆವು. ವೈದ್ಯರಿಗೆ ಕಣ್ಸನ್ನೆ ಮಾಡಿದೆವು. ಕಾಲಿನ ಗಾಯಕ್ಕೆ ಔಷಧಿ ಎಂದೆವು. ಏಳು ವಾರ ಹಾಗೆಯೇ ನಡೆಯಿತು. ಒಂದು ದಿನ ಹೊರಬರುತ್ತಾ ಆಸ್ಪತ್ರೆಯ ಹೆಸರಿನ ಫಲಕದ ಕೆಳಗೆ ಅಪ್ಪ ನಿಂತ. "ತಂಗೀ, ನಾನು ಏಳನೆಯ ಇಯತ್ತೆವರೆಗೆ ಓದಿದ್ದೇನೆ. ಮೊದಲ ದಿನವೇ ಇದನ್ನು ಓದಿದೆ. ನೀವು ಅಳಬಾರದೆಂದು ಸುಮ್ಮನಿದ್ದೆ" ಎಂದ.

ಆ ಏಳು ವಾರ ಅವನು ಒಬ್ಬನೇ ಇದ್ದ. ಅದು ನನಗೆ ಇಂದಿಗೂ ನೋವಿನ ವಿಷಯ. ತನ್ನ ಕಾಯಿಲೆ ಏನೆಂದು ಗೊತ್ತಿಲ್ಲದವನು ಯಾವ ಲಕ್ಷಣ ಹೇಳಬೇಕು ಎಂದು ಹೇಗೆ ತಿಳಿದಾನು? ಎಲ್ಲವನ್ನೂ ಒಂದೇ ದಿನ ಹೇಳಬೇಕಿಲ್ಲ. "ಎಷ್ಟು ತಿಳಿಯಬೇಕು ಅನಿಸುತ್ತದೆ?" ಎಂದು ಅವರನ್ನೇ ಕೇಳಿ, ಅಷ್ಟನ್ನು ಹೇಳಿ. ಸುಳ್ಳನ್ನು ಮಾತ್ರ ಹೇಳಬೇಡಿ. ಹೊಲ ಯಾರ ಹೆಸರಿಗೆ, ಸೊಸೈಟಿಯ ಸಾಲ ಎಷ್ಟು, ಅವ್ವನಿಗೆ ಏನು ಇಡಬೇಕು ಎಂದು ಅಪ್ಪ ತಾನೇ ತೀರ್ಮಾನಿಸಿದ್ದು ಆಮೇಲೆ.

ಅಂಟುತ್ತದೆಯೇ? ಮಕ್ಕಳಿಗೆ ಬರುತ್ತದೆಯೇ?

ಅಂಟುವುದಿಲ್ಲ. ತಾಟು, ಚರಿಗೆ, ಹಾಸಿಗೆ ಬೇರೆ ಮಾಡಬೇಡಿ, ಮೊಮ್ಮಕ್ಕಳನ್ನು ತೊಡೆಯ ಮೇಲಿಂದ ಎಳೆದುಕೊಳ್ಳಬೇಡಿ. ಅಂಗಾಲಿನ ಬಗೆ ಸಾಮಾನ್ಯವಾಗಿ ವಂಶದಲ್ಲಿ ಇಳಿಯುವುದಿಲ್ಲ.

ನೋವಿಗೆ ಮಾರ್ಫಿನ್ ಬರೆದಿದ್ದಾರೆ. ಕೊನೆ ಬಂತೇ? ಚಟವಾಗುವುದಿಲ್ಲವೇ?

ಮಾರ್ಫಿನ್ ಬರೆದದ್ದು ನೋವಿಗೆ, ಸಾವಿಗಲ್ಲ. ಸರಿಯಾದ ಪ್ರಮಾಣದಲ್ಲಿ, ವೈದ್ಯರ ನಿಗಾದಲ್ಲಿ ಕ್ಯಾನ್ಸರ್ ನೋವಿಗೆ ಕೊಟ್ಟಾಗ ಚಟವಾಗುವುದು ಬಹಳ ವಿರಳ. ಹೊತ್ತಿಗೆ ಸರಿಯಾಗಿ ಕೊಡಿ, ನೋವು ಬರಲಿ ಎಂದು ಕಾಯಬೇಡಿ. ಮಲಬದ್ಧತೆ ಖಂಡಿತ ಆಗುತ್ತದೆ, ಅದರ ಔಷಧಿಯನ್ನೂ ಅಂದಿನಿಂದಲೇ ಶುರುಮಾಡಿಸಿ. ಮಾನ್ಯತೆ ಪಡೆದ ಆಸ್ಪತ್ರೆಗಳು ಇದನ್ನು ಸುಲಭವಾಗಿ ಕೊಡಲು 2014ರಲ್ಲೇ ಕಾನೂನು ತಿದ್ದುಪಡಿಯಾಗಿದೆ. ಹಾವೇರಿಯ ಆ ತಾಯಿ ಕೊನೆಯ ಎರಡು ತಿಂಗಳು ಮನೆಯ ಪಡಸಾಲೆಯಲ್ಲೇ ಇದ್ದರು. ನೋವು ಹಿಡಿತದಲ್ಲಿತ್ತು, ಮಗಳ ಕೈಯಿಂದ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದರು.

ಆರೈಕೆ ಮಾಡುವವರಿಗೆ ನಿದ್ದೆಯೇ ಬರುವುದಿಲ್ಲ. ಯಾರಿಗೆ ಹೇಳುವುದು?

ಸ್ಕ್ಯಾನಿಗೆ ಮುಂಚಿನ ವಾರ ನನಗೂ ಬರುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನು ಮಾಡಿ, ಕನ್ನಡದಲ್ಲೇ ಮಾತನಾಡಬಹುದು, ಉಚಿತ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ನಾನು ಹೋಗಿದ್ದೇನೆ.

ಮತ್ತೆ ಹೊಲಕ್ಕೆ ಹೋಗಬಹುದೇ?

ಉಸಿರು ತಾಳಿದರೆ, ಕಾಲು ತಾಳಿದರೆ ಹೋಗಲಿ. ಬರಿಗಾಲು ಮಾತ್ರ ಬೇಡ. ಹಿಮ್ಮಡಿಗೆ ತೊಡೆಯ ಚರ್ಮ ಕಸಿ ಮಾಡಿರುತ್ತಾರೆ, ಅಲ್ಲಿ ಸ್ಪರ್ಶ ಇರುವುದಿಲ್ಲ. ಮುಳ್ಳು ನೆಟ್ಟರೂ ಗೊತ್ತಾಗುವುದಿಲ್ಲ. ಸಕ್ಕರೆ ಕಾಯಿಲೆಯವರಿಗೆ ಮಾಡಿಕೊಡುವ ಮೆತ್ತನೆಯ ರಬ್ಬರಿನ ಅಟ್ಟೆ ಇರುವ, ಮುಂದೆ ಮುಚ್ಚಿದ ಪಾದರಕ್ಷೆ ಸಾಕು.

ಕಳೆದ ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಎಲ್ಲರೂ ಹೊಲಕ್ಕೆ ಹೋದೆವು. ಪೂಜೆಯ ಹೊತ್ತಿಗೆ ಅಪ್ಪ ಬಾಗಿ ಪಾದರಕ್ಷೆ ಬಿಚ್ಚಲು ಹೋದ. ಅವ್ವ ತಡೆದು, "ಭೂಮಿತಾಯಿಗೆ ನಿಮ್ಮ ಕಾಲು ಗೊತ್ತಿದೆ, ಹಾಗೆಯೇ ಬನ್ನಿ" ಎಂದಳು. ಸಜ್ಜೆ ಕಡುಬು, ಪುಂಡಿಪಲ್ಯ ಕಲಸಿದ ಬುಟ್ಟಿ ಹಿಡಿದು ಬದುವಿನುದ್ದಕ್ಕೂ ಚೆಲ್ಲುತ್ತಾ ನಡೆದ, ಎರಡು ಕಡೆ ಕುಳಿತು ಉಸಿರು ತೆಗೆದುಕೊಂಡ. ಸಂಜೆ ಮನೆಗೆ ಬಂದು ಪಾದರಕ್ಷೆಯ ಎರೆಮಣ್ಣು ಕೆರೆದು, ಕಾಲು ತೊಳೆದು, ಮೊಮ್ಮಗಳ ಕೈಗೆ ಬ್ಯಾಟರಿ ಕೊಟ್ಟು ಕಾಲು ಮುಂದೆ ಚಾಚಿದ. ಪ್ರತಿ ಅಮಾವಾಸ್ಯೆ ಅವಳದೇ ಈ ಕೆಲಸ. ಬೆರಳ ಸಂದಿ, ಅಂಗಾಲು, ಹಿಮ್ಮಡಿ, ತೊಡೆಸಂದಿ ಒತ್ತಿ ನೋಡುವುದು ನನ್ನದು. ಅದಾದ ಮೇಲೆ ಮನೆಯ ಉಳಿದವರೂ ಸಾಲಾಗಿ ಕುಳಿತು ಅವಳಿಗೆ ಅಂಗಾಲು ತೋರಿಸಿದೆವು.